ಗೆರೆ ನನ್ನದು, ಬಣ್ಣ ಮೊಮ್ಮಗಳದು

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಜಗಳ ಆಮೇಲೆ. ನಮ್ಮ ಪುಸ್ತಕ ಅಚ್ಚಾಗಿ ಬಂದಿದೆ. ಮಕ್ಕಳ ಚಿತ್ರಕಥೆಯ ಪುಸ್ತಕ, ಮಿರಮಿರ ಮಿಂಚುವ ರಟ್ಟು, ತೆರೆದರೆ ಹೊಸ ಕಾಗದದ ವಾಸನೆ. ಮೊದಲ ಪುಟದಲ್ಲಿ ‘ಗೆರೆ’ ಎಂದಿರುವ ಕಡೆ ಎರಡು ಹೆಸರಿವೆ, ಎರಡನೆಯದು ನನ್ನದು. ಅದರ ಕೆಳಗೆ ‘ಬಣ್ಣ’ ಎಂದಿರುವ ಕಡೆ ನನ್ನ ಮೊಮ್ಮಗಳ ಹೆಸರು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಆದರೆ ಈ ಎರಡು ಹೆಸರನ್ನು ಮಧ್ಯಾಹ್ನದಿಂದ ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ಪಕ್ಕದ ಮನೆಯವರಿಗೆ ತೋರಿಸಿದೆ, ಹಾಲಿನ ಬೂತಿನವನಿಗೆ ತೋರಿಸಿದೆ, ಇಸ್ತ್ರಿಯವನ ಗಾಡಿಯ ಮೇಲೆ ಅವನ ಬಟ್ಟೆ ಸರಿಸಿ ಪುಸ್ತಕ ಹರಡಿ ತೋರಿಸಿದೆ. ಸಂತೋಷಕ್ಕೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ಈಗ ಜಗಳ. ಈ ಪುಸ್ತಕ ಆಗುವಷ್ಟರಲ್ಲಿ ನನಗೆ ಬಂದ ಸಿಟ್ಟನ್ನು ಹಂಡೆಯ ಕೆಳಗೆ ಇಟ್ಟಿದ್ದರೆ ಇಡೀ ವಠಾರಕ್ಕೆ ಸ್ನಾನದ ನೀರು ಕಾಯುತ್ತಿತ್ತು. ಅದನ್ನೆಲ್ಲ ನುಂಗಿಕೊಂಡು ಬರೀ ಸಂತೋಷ ಬರೆದರೆ ಸುಳ್ಳು ಬರೆದ ಹಾಗೆ. ಇದರ ಕಾಗುಣಿತ ಮೊಮ್ಮಗಳು ತಿದ್ದಿದ್ದಾಳೆ. ಸಿಟ್ಟು ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮ ಯಜಮಾನರು ಬೋರ್ಡ್ ಬರೆಯುವವರು. ವಿಜಯನಗರದಲ್ಲಿ ಅಂಗಡಿ ಇತ್ತು. ಅಕ್ಷರ ಸಾಲು ತಪ್ಪದಿರಲೆಂದು ತಗಡಿನ ಮೇಲೆ ಸೀಮೆಸುಣ್ಣದ ನೂಲು ಹೊಡೆದು, ಅಕ್ಷರದ ಅಂಚನ್ನು ಅವರು ತೆಳ್ಳನೆಯ ಬ್ರಷ್ಷಿನಲ್ಲಿ ಎಳೆಯುವರು. ಒಳಗೆ ಬಣ್ಣ ತುಂಬುವವಳು ನಾನು. ಸಂಜೆ ಬ್ರಷ್ಷು, ಡಬ್ಬಿ, ಬಣ್ಣ ಕಲೆಸುವ ಹಲಗೆ ಎಲ್ಲವನ್ನೂ ಬಣ್ಣ ಕರಗಿಸುವ ಥಿನ್ನರ್ ಹಾಕಿ ಒರೆಸಿಡುವುದೂ ನನ್ನ ಕೆಲಸ. ಅವರ ಗೆರೆ ಮೂಲೆಗಳಲ್ಲಿ ಕೂದಲೆಳೆಯಷ್ಟು ಕೂಡದೆ ಉಳಿಯುತ್ತಿತ್ತು. ತುಂಬುವಾಗ ನಾನೇ ಬ್ರಷ್ಷಿನ ತುದಿಯಲ್ಲಿ ಕೂಡಿಸುತ್ತಿದ್ದೆ. ಒಮ್ಮೆ ಬಾಯಿ ಬಿಟ್ಟು, ನಾನೂ ಒಂದು ಗೆರೆ ಎಳೆದು ನೋಡಲೇ ಎಂದು ಕೇಳಿದೆ. ಗೆರೆ ಕೆಟ್ಟರೆ ಬೋರ್ಡೇ ಕೆಟ್ಟಂತೆ, ನಿನಗೆ ತುಂಬುವುದು ಚೆನ್ನಾಗಿ ಬರುತ್ತಲ್ಲ, ಅದನ್ನೇ ಮಾಡು ಎಂದರು. ಬೋರ್ಡಿನ ಕೆಳಮೂಲೆಯಲ್ಲಿ ಸಣ್ಣದಾಗಿ ಒಂದು ಹೆಸರಿರುತ್ತದೆ, ನೋಡಿದ್ದೀರಲ್ಲ. ಅದು ಗೆರೆ ಎಳೆದವರ ಹೆಸರು. ಒಳಗೆ ತುಂಬಿದವರ ಹೆಸರು ಯಾವ ಬೋರ್ಡಿನಲ್ಲಿದೆ, ತೋರಿಸಿ ನೋಡೋಣ. ಆಮೇಲೆ ಫ್ಲೆಕ್ಸ್ ಬಂತು. ಅಂಗಡಿ ಮುಚ್ಚಿತು. ಅವರೂ ಮನೆಯಲ್ಲಿ ಕೂತರು, ನಾನೂ ಕೂತೆ.

ಮಗ ಪೀಣ್ಯದಲ್ಲಿ ಫ್ಯಾಕ್ಟರಿಗೆ ಹೋಗುತ್ತಾನೆ, ಸೊಸೆ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ. ಅವರ ಮಗಳೇ ನನ್ನ ಮೊಮ್ಮಗಳು. ಕಂಪ್ಯೂಟರಿನಲ್ಲಿ ಚಿತ್ರಕ್ಕೆ ಬಣ್ಣ ಹಾಕುವುದನ್ನು ಕಲಿತು, ಬಸವೇಶ್ವರನಗರದಲ್ಲಿ ಒಂದು ಮಹಡಿಯ ಮೇಲಿನ ಸಣ್ಣ ಆಫೀಸಿಗೆ ಸೇರಿದಳು. ಮಕ್ಕಳ ಚಿತ್ರಕಥೆ ಪುಸ್ತಕ ಮಾಡುವ ಆಫೀಸು. ಅದನ್ನು ನಡೆಸುವವರು ಒಬ್ಬ ಮೇಡಂ. ಅವರ ಕೈಕೆಳಗೆ ಗೆರೆ ಹಾಕುವ ಒಬ್ಬ ಹಿರಿಯ ಚಿತ್ರಗಾರ. ಆ ಚಿತ್ರಗಾರ ನನ್ನ ಮೊಮ್ಮಗಳಿಗೆ, ನಿನ್ನ ಬಣ್ಣ ಪರವಾಗಿಲ್ಲ, ಗೆರೆಗೆ ಜೀವ ಇಲ್ಲ, ದಿನಕ್ಕೊಂದು ಚಿತ್ರಕಥೆಯ ಪಾತ್ರ ನೋಡಿ ಬರಿ ಎಂದಿದ್ದರಂತೆ. ಮನೆಯಲ್ಲಿ ಅಭ್ಯಾಸ ಮಾಡಲಿ ಎಂದು ಮೇಡಂ ಆಫೀಸಿನ ಹಳೆಯ ಪೆನ್ ಟ್ಯಾಬ್ಲೆಟ್ ಒಂದನ್ನು ಕೊಟ್ಟು ಕಳಿಸಿದರು. ಕಪ್ಪು ಪ್ಲಾಸ್ಟಿಕ್ಕಿನ ಹಲಗೆ, ಅದಕ್ಕೊಂದು ಮಸಿಯಿಲ್ಲದ ಪೆನ್ನು. ಹಲಗೆಯ ಮೇಲೆ ಎಳೆದರೆ ಗೆರೆ ಎದುರಿನ ಕಂಪ್ಯೂಟರಿನಲ್ಲಿ ಮೂಡುತ್ತದೆ. ನಾನು ಅದನ್ನು ಸ್ಲೇಟು ಎನ್ನುತ್ತೇನೆ. ಕಂಪ್ಯೂಟರ್ ನನ್ನ ಮಗ ಯಾರಿಂದಲೋ ತಂದ ಹಳೆಯದು, ಟೀವಿಯ ಹಾಗೆ ಹಿಂದಕ್ಕೆ ಹೊಟ್ಟೆ ಬಿಟ್ಟುಕೊಂಡಿರುವಂಥದ್ದು.

ನನ್ನ ಮೊದಲ ಸಿಟ್ಟು ಆ ಕಂಪ್ಯೂಟರಿನ ಮೇಲೆಯೇ. ಮೊಮ್ಮಗಳು ಒಂದು ರಾಕ್ಷಸನ ಚಿತ್ರ ಬರೆದು, ಅಜ್ಜಿ, ಈಗ ಬಣ್ಣ ಹಾಕ್ತೀನಿ ನೋಡು ಎಂದಳು. ಮೂಲೆಯಲ್ಲಿ ಒಂದು ಪುಟ್ಟ ಬಕೆಟ್ಟಿನ ಗುರುತು. ಅದನ್ನು ಒತ್ತಿ ರಾಕ್ಷಸನ ಹೊಟ್ಟೆಯ ಮೇಲೆ ಪೆನ್ನು ತಾಗಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಟ್ಟೆಯೆಲ್ಲ ಹಸಿರು. ನನ್ನ ಇಡೀ ಜೀವಮಾನದ ಕೆಲಸ, ಬೆನ್ನು ಬಗ್ಗಿಸಿ, ಉಸಿರು ಹಿಡಿದು, ಅಂಚು ದಾಟದಂತೆ ತುಂಬಿದ ಕೆಲಸ, ಪೆನ್ನು ಒಮ್ಮೆ ತಾಗಿದ್ದಕ್ಕೇ ಮುಗಿಯಿತು. ಅವಳು ನಗುತ್ತಿದ್ದಳು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದೆ.

ಸ್ವಲ್ಪ ಹೊತ್ತಿಗೆ ಅವಳು ಅಯ್ಯೋ ಎಂದದ್ದು ಕೇಳಿಸಿತು. ಹೋಗಿ ನೋಡಿದರೆ ರಾಕ್ಷಸನ ತಲೆಗೂದಲಿಗೆಂದು ಸುರಿದ ಕಪ್ಪು ಹೊರಗೆ ಹರಿದು, ಆಕಾಶವೆಲ್ಲ, ಬೆಟ್ಟವೆಲ್ಲ, ಇಡೀ ಪುಟವೇ ಕಪ್ಪಾಗಿ ಕೂತಿದೆ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಖುಷಿ. “ಗೆರೆ ಎಲ್ಲೋ ಕೂಡಿಲ್ಲ ಕಣೇ,” ಎಂದೆ. ಚಿತ್ರವನ್ನು ದೊಡ್ಡದು ಮಾಡುತ್ತಾ ಹೋದಳು. ಕಿವಿಯ ಹಿಂದೆ ಕೂದಲೆಳೆಯಷ್ಟು ಸಂದು. ಇಂಥ ಸಂದನ್ನು ನಾನು ನಿದ್ದೆಯಲ್ಲೂ ಕಾಣಬಲ್ಲೆ. ಅವಳು ಪೆನ್ನನ್ನು ನನ್ನ ಕೈಗೆ ಕೊಟ್ಟು, ನೀನೇ ಮುಚ್ಚು ಎಂದಳು.

ಮುಚ್ಚಲು ಆಗಲಿಲ್ಲ. ಕೈ ಮೇಜಿನ ಮೇಲೆ, ಗೆರೆ ಎದುರಿನ ಗಾಜಿನಲ್ಲಿ. ಕೈ ನೋಡಿದರೆ ಗೆರೆ ಕಾಣದು, ಗೆರೆ ನೋಡಿದರೆ ಕೈ ಎಲ್ಲಿದೆಯೋ ತಿಳಿಯದು. ಪೆನ್ನು ಎಣ್ಣೆ ಸವರಿದ ತಟ್ಟೆಯ ಮೇಲೆ ಹೋದಂತೆ ಜಾರುತ್ತದೆ. ನನಗೆ ಅಭ್ಯಾಸಬಲ, ಎರಡು ಗೆರೆಗೊಮ್ಮೆ ಪೆನ್ನಿನ ತುದಿಯನ್ನು ಸೆರಗಿಗೆ ಒರೆಸುವುದು, ಪಕ್ಕದಲ್ಲಿ ಇಲ್ಲದ ಡಬ್ಬಿಗೆ ಅದ್ದಲು ಹೋಗುವುದು. ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕಳು. ಆದರೂ ಆ ಪೆನ್ನು ಕೆಳಗಿಡಲು ನನಗೆ ಮನಸ್ಸಾಗಲಿಲ್ಲ. ಜನ್ಮದಲ್ಲಿ ಮೊದಲ ಸಲ ನನ್ನ ಕೈಯಿಂದ ಒಂದು ಅಂಚು ಹುಟ್ಟುತ್ತಿತ್ತು. ಸೊಟ್ಟಗಿತ್ತು, ನಡುಗುತ್ತಿತ್ತು, ಆದರೂ ಅಂಚು.

ಮಾರನೆಯ ದಿನದಿಂದ ನನಗೂ ದಿನಕ್ಕೊಂದು ಪಾತ್ರ ಎಂದು ಮೊಮ್ಮಗಳು ನಿಯಮ ಮಾಡಿದಳು. ಹಳೇ ಪೇಪರಿನ ಅಂಗಡಿಯಿಂದ ಚಿತ್ರಕಥೆ ಪುಸ್ತಕಗಳ ಕಟ್ಟೊಂದನ್ನು ತಂದಳು. ಬೆಳಗ್ಗೆ ಮಗ ಸೊಸೆ ಹೊರಟ ಮೇಲೆ, ಅವಳು ಬಸ್ಸಿಗೆ ಹೋಗುವ ತನಕ ನನಗೆ ಪಾಠ. ತಲೆಗೆ ಮೊದಲು ಕೋಳಿಮೊಟ್ಟೆ. ಅದರ ನಡುವೆ ಒಂದು ಅಡ್ಡಗೆರೆ, ಕಣ್ಣು ಅಲ್ಲಿ ಕೂರಬೇಕು. ಒಂದು ಉದ್ದಗೆರೆ, ಮೂಗು ಅದರ ಮೇಲೆ. ಎದೆ ಒಂದು ಕುಕ್ಕೆ, ಸೊಂಟ ಇನ್ನೊಂದು ಕುಕ್ಕೆ, ನಡುವೆ ಬೆನ್ನುಮೂಳೆಯ ಬಾಗು. ಇಷ್ಟನ್ನು ತಿಳಿನೀಲಿಯಲ್ಲಿ ಒಂದು ಪದರದ ಮೇಲೆ ಬರೆಯಬೇಕು, ಆಮೇಲೆ ಅದರ ಮೇಲೆ ಗಾಜಿನ ಹಾಳೆ ಇಟ್ಟಂತೆ ಇನ್ನೊಂದು ಪದರ ತೆರೆದು ಕಪ್ಪು ಗೆರೆ. ಕೊನೆಗೆ ನೀಲಿಯ ಪದರ ಅಡಗಿಸಿದರೆ ಬರೀ ಕಪ್ಪು ಉಳಿಯುತ್ತದೆ. ಗೆರೆ ತಪ್ಪಿದರೆ ಎರಡು ಗುಂಡಿ ಒತ್ತು, ತಪ್ಪು ಮಾಯ. ಇದನ್ನು ಕಂಡು ಯಜಮಾನರಿಗೆ ಮೈಯೆಲ್ಲ ಉರಿಯಿತು. ತಪ್ಪು ಅಳಿಸೋದಕ್ಕೆ ಗುಂಡಿ ಇದ್ದರೆ ಅದು ಯಾವ ಸೀಮೆ ವಿದ್ಯೆ ಎಂದರು. ನಿಮ್ಮ ತಪ್ಪು ಅಳಿಸುವುದಕ್ಕೆ ನಾನಿದ್ದೆ, ನನ್ನದಕ್ಕೆ ಗುಂಡಿ ಇದೆ ಎಂದೆ. ಅವರು ಎದ್ದು ಹೊರಗೆ ಹೋದರು.

ಇನ್ನು ಆ ಪುಸ್ತಕಗಳ ಪಾತ್ರಗಳೋ, ದೇವರೇ ಗತಿ. ಗಂಡಸರೆಲ್ಲ ಬಟ್ಟೆ ಮೈಗೆ ಅಂಟಿಸಿಕೊಂಡು ಹಾರುವವರು. ಒಬ್ಬನಿಗೂ ಹೊಟ್ಟೆಯಿಲ್ಲ. ಹೆಂಗಸರ ಸೊಂಟವೋ, ಉಂಗುರದೊಳಗೆ ತೂರುವಂಥದ್ದು, ಆ ಸೊಂಟದ ಮೇಲೆ ಒಂದು ಕೊಡ ನಿಲ್ಲುತ್ತದೆಯೇ? ನನ್ನ ವಯಸ್ಸಿನ ಹೆಂಗಸೊಬ್ಬಳಾದರೂ ಇದ್ದಾಳಾ ಎಂದು ಕಟ್ಟೆಲ್ಲ ಹುಡುಕಿದೆ. ಇದ್ದಳು, ಮಾಟಗಾತಿ. ಕೊಕ್ಕೆಮೂಗು, ಗೂನುಬೆನ್ನು, ಕೈಯಲ್ಲಿ ಕೋಲು. ಬೈದುಕೊಳ್ಳುತ್ತಲೇ ಅವರನ್ನೆಲ್ಲ ಬರೆದೆ, ಹಾರುವವನನ್ನೂ, ಉಂಗುರದ ಸೊಂಟದವಳನ್ನೂ. ಕರೆಂಟು ಹೋದರೆ ಬರೆದದ್ದೆಲ್ಲ ಹೋಗುತ್ತಿತ್ತು, ಮತ್ತೆ ಕೋಳಿಮೊಟ್ಟೆಯಿಂದ ಶುರು. ನಿಧಾನವಾಗಿ ಕೈಯ ನಡುಕ ಕಮ್ಮಿಯಾಯಿತು. ಕಣ್ಣು ಗಾಜಿನ ಮೇಲಿದ್ದರೂ ಕೈ ತನ್ನ ಪಾಡಿಗೆ ತಾನು ಹೋಗತೊಡಗಿತು.

ಅಷ್ಟರಲ್ಲಿ ಆ ಅನಾಹುತ. ದಿನವಿಡೀ ಕೈ ಉಜ್ಜಿ ಉಜ್ಜಿ ಸ್ಲೇಟಿನ ಮೇಲೆ ಜಿಡ್ಡು ಕೂತಿತ್ತು. ಕೆಲಸ ಮುಗಿದ ಮೇಲೆ ಹಲಗೆಯನ್ನು ಹಾಗೇ ಬಿಡುವುದು ನಮ್ಮ ಕಸುಬಿನಲ್ಲಿ ಪಾಪ. ಅಟ್ಟದಿಂದ ಥಿನ್ನರ್ ಬಾಟಲಿ ಇಳಿಸಿ, ಹಳೇ ಬನಿಯನ್ನಿನ ಚೂರು ಅದ್ದಿ, ನೀಟಾಗಿ ಒರೆಸಿದೆ. ಜಿಡ್ಡು ಹೋಯಿತು. ಅದರ ಜೊತೆ ಸ್ಲೇಟಿನ ಮೈಯೂ ಕರಗಿತು. ಹೊಳೆಯುತ್ತಿದ್ದ ಕಪ್ಪು ಮಂಜು ಕವಿದ ಹಾಗೆ ಬೆಳ್ಳಗಾಗಿ, ಬೆರಳಿಟ್ಟರೆ ಹಲಸಿನ ಮೇಣದಂತೆ ಅಂಟತೊಡಗಿತು. ಪೆನ್ನು ಒಂದು ಕಡೆ ಇಟ್ಟರೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

ಸಂಜೆ ಮೊಮ್ಮಗಳು ಬಂದು ನೋಡಿದಳು. ಮೂಲೆಯಲ್ಲಿ ಕೂತು ಅತ್ತಳು. ಅದು ಆಫೀಸಿನದು, ಅವಳದ್ದಿನ್ನೂ ಖಾಯಂ ಆಗದ ಕೆಲಸ. ನನ್ನ ಕೈಯಿಂದಲೇ ಹೀಗಾಯ್ತು ಅಂತ ಹೇಳ್ತೀನಿ ಎಂದಳು. ಮಾಡಿದವಳು ನಾನು, ಹೇಳುವವಳೂ ನಾನೇ ಎಂದೆ. ಬೆಳಗ್ಗೆ ಸ್ಲೇಟನ್ನು ಟವೆಲಿನಲ್ಲಿ ಸುತ್ತಿಕೊಂಡು ಅವಳ ಜೊತೆ ಬಸ್ಸು ಹತ್ತಿದೆ. ಮೆಟ್ರೊಗೆಂದು ರಸ್ತೆ ಅಗೆದು, ಬಸ್ಸು ಎಲ್ಲೆಲ್ಲೋ ಸುತ್ತಿಕೊಂಡು ಹೋಯಿತು. ದಾರಿಯುದ್ದಕ್ಕೂ ನಾನು ಕೈಮುಗಿದು ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ.

ಜೋಡಿಸಿದ್ದು ಒಂದೂ ಉಪಯೋಗಕ್ಕೆ ಬರಲಿಲ್ಲ. ಹಿರಿಯ ಚಿತ್ರಗಾರ ಟವೆಲು ಬಿಚ್ಚಿ ನೋಡಿ, ನನ್ನ ಮುಖವನ್ನೂ ನೋಡದೆ ಮೊಮ್ಮಗಳಿಗೆ ಹೇಳಿದರು. “ಏನಮ್ಮ ಇದು, ಪಾತ್ರೆ ತಿಕ್ಕಿದಂಗೆ ತಿಕ್ಕಿದಾರೆ. ವಯಸ್ಸಾದವರ ಕೈಗೆಲ್ಲ ಯಾಕೆ ಕೊಡ್ತೀಯ? ಮನೇಲಿ ಅವರಿಗೆ ಬೇರೆ ಕೆಲಸ ಇಲ್ವಾ?”

ಕ್ಷಮೆ ಕೇಳಲು ಬಂದವಳು ನಾನು. ಆದರೆ ಆ ಮಾತಿಗೆ ನೆತ್ತಿಯವರೆಗೂ ಬಿಸಿ ಏರಿತು.

“ತಪ್ಪು ನಂದು ಸಾರ್, ಅವಳದಲ್ಲ,” ಎಂದೆ. “ಆದ್ರೆ ಥಿನ್ನರ್ ಹಾಕ್ಬಾರ್ದು ಅಂತ ಇದರ ಮೇಲೆ ಎಲ್ಲಿ ಬರ್ದಿದೆ, ತೋರ್ಸಿ. ಕನ್ನಡದಲ್ಲಿ ತೋರ್ಸಿ. ನಮ್ಮ ಕಸುಬಲ್ಲಿ ಹಲಗೆ ಒರೆಸ್ದೆ ಎದ್ರೆ ಬೈತಾರೆ, ನಿಮ್ಮಲ್ಲಿ ಒರೆಸಿದ್ರೆ ಬೈತೀರ.”

ಒಳಗಿನಿಂದ ಮೇಡಂ ಬಂದರು. ಸ್ಲೇಟನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು. ಮೈ ಕೆಟ್ಟಿತ್ತೇ ಹೊರತು ಜೀವ ಹೋಗಿರಲಿಲ್ಲ, ಅಂಟಿಕೊಂಡು ಅಂಟಿಕೊಂಡು ಗೆರೆ ಬರುತ್ತಿತ್ತು. ಇದು ಹಳೇದು, ಇಲ್ಲಿಗೆ ಇನ್ನು ಬೇಡ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ನೀವು ಇದರಲ್ಲಿ ಏನು ಮಾಡ್ತಿದ್ರಿ ಎಂದು ಕೇಳಿದರು. ಗೆರೆ ಕಲೀತಿದ್ದೆ ಎನ್ನುತ್ತಲೇ ನಾನು ಗೋಡೆ ನೋಡುತ್ತಿದ್ದೆ. ಅಲ್ಲಿ ಮೂರು ಮುದುಕಿಯರ ಚಿತ್ರ ಅಂಟಿಸಿತ್ತು. ಮೂವರಿಗೂ ಗೂನು, ಮೂವರಿಗೂ ಕೋಲು. ಮುಂದಿನ ಪುಸ್ತಕದ ನಾಯಕಿಗೆಂದು ಚಿತ್ರಗಾರರು ಬರೆದ ಮೂರು ಮಾದರಿಯಂತೆ. ಬೀದಿಯ ನೀರನ್ನು ಕದ್ದು ಮಾರುವ ಟ್ಯಾಂಕರಿನವನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಅಜ್ಜಿ.

“ಇವಳು ಟ್ಯಾಂಕರ್ ಹಿಡಿಯೋಳಾ?” ಎಂದೆ. “ಇವಳಿಗೆ ಬಸ್ಸಲ್ಲಿ ಯಾರಾದ್ರೂ ಎದ್ದು ಸೀಟು ಬಿಡ್ಬೇಕು.”

ಚಿತ್ರಗಾರರ ಮುಖ ಕೆಂಪಾಯಿತು. ಮೇಡಂ ನಕ್ಕುಬಿಟ್ಟರು. ಅವರಿಗೂ ಆ ಮೂವರು ಹಿಡಿಸಿರಲಿಲ್ಲ ಎಂದು ಆಮೇಲೆ ಮೊಮ್ಮಗಳು ಹೇಳಿದಳು. “ಹಾಗಾದ್ರೆ ನೀವೊಂದು ಬರ್ಕೊಂಡು ಬನ್ನಿ,” ಎಂದರು ಮೇಡಂ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ಜೊತೆಗೆ ನಗುವ ಮುಖ, ಬೈಯುವ ಮುಖ, ಅಳುವ ಮುಖ. ಮುಂದಿನ ಸೋಮವಾರದೊಳಗೆ. ಚೆನ್ನಾಗಿದ್ದರೆ ಪುಸ್ತಕದ ತುಂಬ ಆ ಅಜ್ಜಿಯ ಗೆರೆ ನಿಮ್ಮದು, ಇಲ್ಲದಿದ್ದರೆ ಗೋಡೆಯ ಮೇಲಿನದರಲ್ಲೇ ಒಂದು.

ನನ್ನ ಬಾಯಿ ಸುಮ್ಮನಿರಲಿಲ್ಲ. “ಗೆರೆ ನಂದಾದ್ರೆ ಹೆಸರೂ ನಂದಿರ್ಬೇಕು ಮೇಡಂ.”

“ಮೊದಲು ಬರೀರಿ ಅಜ್ಜಿ,” ಎಂದರು ಅವರು.

ಮನೆಗೆ ಬಂದು ಕೂತೆ. ಸ್ಲೇಟು ಅಂಟು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಪೌಡರ್ ಹಾಕಿದೆ, ಪೌಡರ್ ಮುದ್ದೆಯಾಗಿ ಕೂತಿತು. ಅಂಟುವ ತಗಡಿನ ಮೇಲೆ ಕೈ ಊರಬೇಕಾದಾಗ ನಾವು ಏನು ಮಾಡುತ್ತಿದ್ದೆವು? ಕೈಯಡಿಗೆ ಒಂದು ಕಾಗದ ಹಾಕುತ್ತಿದ್ದೆವು. ಮೊಮ್ಮಗಳ ಬಿಳಿ ಹಾಳೆಯೊಂದನ್ನು ಸ್ಲೇಟಿನ ಮೇಲೆ ಹಾಸಿ ನಾಲ್ಕು ಅಂಚಿಗೂ ಟೇಪು ಅಂಟಿಸಿದೆ. ಕೈಗೆ ಅಂಟಬಾರದೆಂದು ಹಾಕಿದ್ದಷ್ಟೆ. ಕಾಗದದ ಮೇಲಿನಿಂದ ಪೆನ್ನು ಕೆಲಸ ಮಾಡುತ್ತದೆಂದು ನನಗೇನು ಗೊತ್ತು? ಆದರೆ ಪೆನ್ನು ಎಳೆದರೆ ಗಾಜಿನಲ್ಲಿ ಗೆರೆ ಬಂತು. ಬಂದದ್ದಷ್ಟೇ ಅಲ್ಲ, ಜಾರಲಿಲ್ಲ. ಕಾಗದ ಪೆನ್ನಿನ ತುದಿಯನ್ನು ಹಿಡಿದು ಹಿಡಿದು ಬಿಡುತ್ತಿತ್ತು, ಬ್ರಷ್ಷು ತಗಡನ್ನು ಹಿಡಿಯುವ ಹಾಗೆ. ಮೊದಲ ಸಲ ನನ್ನ ಕೈ ನನ್ನದೇ ಅನ್ನಿಸಿತು. ಸಂಜೆ ಮೊಮ್ಮಗಳು ತಾನೂ ಎಳೆದು ನೋಡಿ, ಚೆನ್ನಾಗಿದೆ ಅಜ್ಜಿ, ಆದ್ರೆ ಪೆನ್ನಿನ ತುದಿ ಬೇಗ ಸವೆಯುತ್ತೆ ಎಂದಳು. ಸವೆಯಿತು. ಸ್ಲೇಟಿನ ಜೊತೆ ಬಂದ ಡಬ್ಬಿಯಲ್ಲಿದ್ದ ಬೇರೆ ತುದಿ ಹಾಕಿಕೊಟ್ಟಳು.

ಕೈ ಸಿಕ್ಕಿತು, ಅಜ್ಜಿ ಸಿಗಲಿಲ್ಲ. ಬರೆದದ್ದೆಲ್ಲ ಚಿತ್ರಕಥೆಯ ಉಂಗುರದ ಸೊಂಟದವಳೇ, ತಲೆಗೆ ಬಿಳಿ ಬಣ್ಣ, ಕೆನ್ನೆಗೆ ನಾಲ್ಕು ಗೀರು. ಯಜಮಾನರು ಹಿಂದೆ ನಿಂತು ನೋಡಿ, ನಾಟಕದ ಹುಡುಗಿ ಮುದುಕಿ ವೇಷ ಹಾಕಿದಂಗಿದಾಳೆ ಎಂದರು. ಸಿಟ್ಟು ಬಂತು. ಅವರು ಹೇಳಿದ್ದು ನಿಜವಾದ್ದರಿಂದ ಇನ್ನೂ ಹೆಚ್ಚು ಬಂತು. ದಿನಕ್ಕೊಂದು ಎಂದು ಆ ಪುಸ್ತಕಗಳನ್ನು ನೋಡಿ ನೋಡಿ ಅವರ ಮೈಯೇ ನನ್ನ ಕೈಗೆ ಹತ್ತಿಬಿಟ್ಟಿತ್ತು. ಕಟ್ಟನ್ನು ಹಗ್ಗದಲ್ಲಿ ಬಿಗಿದು ಮಂಚದ ಕೆಳಗೆ ತಳ್ಳಿದೆ. ಮೊಮ್ಮಗಳು, ರೂಲ್ಸ್ ಮುರೀತಿದೀಯ ಎಂದಳು. ನಿಮ್ಮ ರೂಲ್ಸಿನಲ್ಲಿ ಹೊಟ್ಟೆಯಿರುವ ಹೆಂಗಸೇ ಇಲ್ಲ ಎಂದೆ.

ನಮ್ಮ ಬೀದಿಗೆ ನೀರು ಬರುವ ದಿನ, ಪೆನ್ಸಿಲ್ಲು ಹಿಡಿದು ಬಾಗಿಲಲ್ಲಿ ಕೂತೆ. ಇಷ್ಟು ವರ್ಷ ಅದೇ ಸಾಲಿನಲ್ಲಿ ನಿಂತು ಜಗಳವಾಡಿದವಳು, ಒಂದು ದಿನವೂ ನೋಡಿರಲಿಲ್ಲ. ಕೊಡ ಸೊಂಟಕ್ಕೇರಿದರೆ ಮುದುಕಿಯ ಬೆನ್ನು ಬಾಗುವುದಿಲ್ಲ, ನೆಟ್ಟಗಾಗುತ್ತದೆ. ಸೊಂಟ ಒಂದು ಕಡೆಗೆ ಹೊರಳುತ್ತದೆ, ಇನ್ನೊಂದು ಕೈ ದೂರಕ್ಕೆ ಚಾಚಿಕೊಂಡು ತೂಕ ನೋಡಿಕೊಳ್ಳುತ್ತದೆ. ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿರುತ್ತದೆ, ಒಂದು ಮೀನಖಂಡ ಕಾಣುತ್ತದೆ. ಬೈಯುವಾಗ ಕುತ್ತಿಗೆ ಮುಂದೆ ಹೋಗುತ್ತದೆ, ಕಾಲು ಮಾತ್ರ ನಿಂತಲ್ಲೇ. ಸಾಲಿನಲ್ಲಿದ್ದ ಹೆಂಗಸೊಬ್ಬರು, ಏನ್ರಮ್ಮ, ರೇಷನ್ ಕಾರ್ಡಿಗೆ ಬರ್ಕೊಳ್ತಾ ಇದೀರಾ ಎಂದು ಗದರಿದರು. ಆ ಗದರಿದ ಮುಖವನ್ನೂ ಬಿಡಲಿಲ್ಲ, ಬರೆದುಕೊಂಡೆ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ನೀಲಿ ಪದರ ಸಿದ್ಧವಾಗಿತ್ತು. ಇನ್ನು ಕಪ್ಪು ಗೆರೆ. ಎದುರಿನದು ಬಂತು. ಪಕ್ಕದಿಂದ ನೋಡಿದ ಅಜ್ಜಿಯಲ್ಲಿ ಕೊಡದಿಂದ ಹಿಮ್ಮಡಿಯವರೆಗೆ ಒಂದೇ ಉದ್ದ ಬಾಗು ಇದೆ. ಅದನ್ನು ತುಂಡು ತುಂಡಾಗಿ ಎಳೆದರೆ ನಡಿಗೆ ಸಾಯುತ್ತದೆ. ಎಳೆದೆ, ಅಳಿಸಿದೆ. ಎಳೆದೆ, ಅಳಿಸಿದೆ. ಮಣಿಕಟ್ಟು ಊದಿಕೊಂಡಿತು. ಯಜಮಾನರು ಮಂಚದ ಮೇಲಿಂದ ಬಹಳ ಹೊತ್ತು ನೋಡುತ್ತಿದ್ದವರು ಎದ್ದು ಬಂದು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು.

“ಕೊಡು ಇಲ್ಲಿ,” ಎಂದರು. “ಆ ಗೆರೆ ನಾನು ಹಾಕ್ತೀನಿ. ನೀನು ಮಿಕ್ಕಿದ್ದು ತುಂಬು.”

ಅಣಕಿಸಿ ಹೇಳಿದ್ದಲ್ಲ. ನನ್ನ ಕೈ ನೋಯುವುದನ್ನು ಕಂಡು ಹೇಳಿದ್ದು. ಅದೇ ನನಗೆ ಕಷ್ಟವಾದದ್ದು. ಅವರ ಕೈ ಇಂದಿಗೂ ನಡುಗುವುದಿಲ್ಲ, ಅಂಥ ಬಾಗು ಅವರಿಗೆ ನೀರು ಕುಡಿದಷ್ಟು ಸುಲಭ. ಕೊಟ್ಟಿದ್ದರೆ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತು, ಆಫೀಸಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಎಷ್ಟು ಬೋರ್ಡು, ಎಷ್ಟು ಗೋಡೆ, ಎಷ್ಟು ಅಂಗಡಿ. ಎಲ್ಲದರಲ್ಲೂ ಅಂಚು ಅವರದು.

“ಬೇಡ ರೀ,” ಎಂದೆ. “ಸೊಟ್ಟ ಬಂದ್ರೂ ನಂದೇ ಬರ್ಲಿ.”

ಅವರು ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಕುರ್ಚಿಯಲ್ಲಿ ಹಾಗೇ ಕೂತಿದ್ದು, ಸ್ವಲ್ಪ ಹೊತ್ತಿನ ಮೇಲೆ, ಮಣಿಕಟ್ಟಲ್ಲಿ ಎಳೀಬೇಡ, ಮೊಣಕೈ ಮೇಜಿಂದ ಎತ್ತು, ಹೆಗಲಿಂದ ಎಳಿ ಎಂದರು. ಮದುವೆಯಾಗಿ ಇಷ್ಟು ಕಾಲಕ್ಕೆ ಅವರು ನನಗೆ ಗೆರೆಯ ಬಗ್ಗೆ ಹೇಳಿದ ಮೊದಲ ಪಾಠ ಅದು. ನಾನು ಬಾಯಿ ಬಿಟ್ಟು ಕೇಳಿದ ದಿನವೇ ಹೇಳಬಹುದಿತ್ತಲ್ಲ. ಆದರೂ ಮೊಣಕೈ ಎತ್ತಿದೆ. ಉಸಿರು ಹಿಡಿದು ಹೆಗಲಿನಿಂದ ಎಳೆದೆ. ಬಾಗು ಬಂತು. ಅವರು ಎಳೆಯುವಷ್ಟು ನುಣುಪಿಲ್ಲ. ನಡುವೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಆದರೆ ಅಜ್ಜಿ ನಡೆದಳು.

ಸೋಮವಾರ ಮೊಮ್ಮಗಳು ಅದನ್ನು ಸೀಡಿಯಲ್ಲಿ ಹಾಕಿಕೊಂಡು ಹೋದಳು. ನಾನೂ ಹೋದೆ. ಹಿರಿಯ ಚಿತ್ರಗಾರ ಗೆರೆ ಒಂದೇ ದಪ್ಪದಲ್ಲಿಲ್ಲ ಎಂದರು. ನಿಜ. ಮುಖದಲ್ಲಿ ಸಿಟ್ಟು ಜಾಸ್ತಿ, ಮಕ್ಕಳು ಹೆದರುತ್ತವೆ ಎಂದರು. ನೀರು ಕದ್ದವನನ್ನು ಕಂಡು ಯಾರು ನಗುತ್ತಾರೆ ಎಂದು ನಾನು ಕೇಳಿದೆ. ಇವರು ಎಲ್ಲಿ ಕಲ್ತಿದಾರೆ, ಸರ್ಟಿಫಿಕೇಟ್ ಏನಿದೆ ಎಂದು ಮೇಡಂ ಹತ್ತಿರ ಕೇಳಿದರು, ನಾನು ಅಲ್ಲೇ ನಿಂತಿದ್ದೇನೆ ಎಂಬುದನ್ನೂ ಮರೆತು. ಮೇಡಂ ಪಕ್ಕದಿಂದ ಬರೆದ ಅಜ್ಜಿಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ಮೂವರನ್ನೂ ಕಿತ್ತು, ಇವಳನ್ನು ಅಂಟಿಸಿ ಎಂದರು. ಬೈಯುವ ಮುಖದಲ್ಲಿ ಹುಬ್ಬು ಸ್ವಲ್ಪ ಇಳಿಸಿ ಎಂದು ನನಗೆ ಹೇಳಿದರು. ಸ್ವಲ್ಪವೇ ಇಳಿಸಿದೆ.

ಮಳೆಗಾಲವೆಲ್ಲ ಅದೇ ಕೆಲಸ. ಬೀದಿ, ಮನೆ, ಟ್ಯಾಂಕರು, ಕಳ್ಳ ಚಿತ್ರಗಾರರದು. ಅಜ್ಜಿ ಬರುವ ಒಂದೊಂದು ಚೌಕದಲ್ಲೂ ಅಜ್ಜಿ ನನ್ನವಳು. ಮೊಮ್ಮಗಳು ಬಕೆಟ್ಟಿನಲ್ಲಿ ಬಣ್ಣ ಸುರಿಯುತ್ತಿದ್ದಳು, ನನ್ನ ಅಜ್ಜಿಯಿಂದ ಒಂದು ತೊಟ್ಟೂ ಆಚೆ ಹರಿಯಲಿಲ್ಲ. ಆ ನಡುವೆ ಅವಳ ಕೆಲಸವೂ ಖಾಯಂ ಆಯಿತು.

ಕೊನೆಯ ಸಿಟ್ಟು ಇನ್ನೂ ಆರಿಲ್ಲ. ಅಚ್ಚಿಗೆ ಹೋಗುವ ಮುಂಚಿನ ಪುಟಗಳನ್ನು ಮೊಮ್ಮಗಳು ಮನೆಗೆ ತಂದಳು. ‘ಗೆರೆ’ ಎಂದಿರುವ ಕಡೆ ಒಂದೇ ಹೆಸರಿತ್ತು, ನನ್ನದಲ್ಲ. ಕೊನೆಯ ಪುಟದಲ್ಲಿ, ಸಹಕರಿಸಿದ ಎಲ್ಲರಿಗೂ ವಂದನೆ ಎಂದಿತ್ತು. ಎಲ್ಲರಿಗೂ! ಹಾಲಿನವನಿಗೂ ನನಗೂ ಒಂದೇ ವಂದನೆ. ಮತ್ತೆ ಬಸ್ಸು ಹತ್ತಿದೆ. ಈ ಸಲ ಮಾತು ಜೋಡಿಸಿಕೊಂಡು ಹೋಗಲಿಲ್ಲ. ಅಚ್ಚಿಗೆ ಕಳಿಸುವ ಅವಸರದಲ್ಲಿ ಹಳೇ ಪುಟವೇ ಉಳಿದಿದೆ, ಮುಂದಿನ ಪುಸ್ತಕಕ್ಕೆ ಖಂಡಿತ ಹಾಕ್ತೀವಿ ಎಂದು ಚಿತ್ರಗಾರರು ಸಮಾಧಾನ ಹೇಳಿದರು. ನಾನು ಮೇಡಂ ಎದುರಿಗೆ ಕೂತು ಇಷ್ಟೇ ಹೇಳಿದೆ.

“ನಾನು ಹಾಕಿದ ಅಜ್ಜೀನೆಲ್ಲ ತೆಗೆದ್ಬಿಡಿ ಮೇಡಂ. ಆಮೇಲೆ ಅಚ್ಚು ಹಾಕ್ಸಿ. ನಿಮ್ಮ ಟ್ಯಾಂಕರ್ ಓಡ್ತಾ ಇರುತ್ತೆ, ಹಿಡಿಯೋರಿರಲ್ಲ.”

ಮೇಡಂ ಕಂಪ್ಯೂಟರಿನ ಕಡೆ ತಿರುಗಿ ನನ್ನ ಪೂರ್ತಿ ಹೆಸರು ಕೇಳಿದರು. ಹೇಳಿದೆ. ಒಂದೊಂದು ಅಕ್ಷರ ಗಾಜಿನ ಮೇಲೆ ಮೂಡುವುದನ್ನು ನೋಡಿ, ಮುಗಿದ ಮೇಲೆಯೇ ಎದ್ದೆ.

ಆ ಪುಸ್ತಕವೇ ಇವತ್ತು ಬಂದದ್ದು. ಸೊಸೆ ಗಾರ್ಮೆಂಟ್ಸಿನಿಂದ ಬರುವಾಗ ಕೋಳಿ ತಂದಳು. ಮುದ್ದೆ ಕೂಡ ಅವಳೇ ತೊಳಸಿದಳು, ನೀವು ಇವತ್ತು ಒಲೆ ಹತ್ತಿರ ಬರಬೇಡಿ ಅತ್ತೆ ಎಂದಳು. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಸಾರಿನ ಕೈಯಲ್ಲಿ ಮುಟ್ಟೀರಿ ಎಂದು ಮೊಮ್ಮಗಳು ಪುಸ್ತಕವನ್ನು ಎತ್ತಿ ಎತ್ತಿ ಹಿಡಿದಳು. ಮಗ ಒಂದೊಂದು ಚೌಕವನ್ನೂ ಜೋರಾಗಿ ಓದಿದ, ಟ್ಯಾಂಕರಿನವನಿಗೆ ಅಜ್ಜಿ ಬೈಯುವ ಕಡೆ ನನ್ನ ಧ್ವನಿಯನ್ನೇ ಅಣಕಿಸಿದ. ಯಜಮಾನರು ಎಡಗೈಯಲ್ಲಿ ಪುಸ್ತಕ ಇಸಿದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಎಷ್ಟೋ ಹೊತ್ತು ಒಂದೇ ಪುಟ ನೋಡಿದರು.

“ಈ ಎಡಗಾಲು ಚೆನ್ನಾಗಿ ಬಂದಿದೆ,” ಎಂದರು.

“ಎಡಗಾಲು ಮಾತ್ರವಾ?” ಎಂದೆ.

“ಬಲಗಾಲು ಆಮೇಲೆ ಹೇಳ್ತೀನಿ. ಇನ್ನೊಂದು ಮುದ್ದೆ ಹಾಕು.”

ನನ್ನ ಕಾಲು ಅಭ್ಯಾಸದಂತೆ ಏಳಲು ಹೊರಟಿತ್ತು. ತಡೆದೆ. “ಪಾತ್ರೆ ಅಲ್ಲೇ ಇದೆ, ಹಾಕ್ಕೊಳ್ಳಿ. ನಾನು ಊಟ ಮಾಡ್ತಾ ಇದೀನಿ,” ಎಂದೆ.

ಸೊಸೆ ಎದ್ದೇಳಲು ಹೋದಳು, ಮೊಮ್ಮಗಳು ಅವಳ ಸೆರಗು ಹಿಡಿದು ಕೂರಿಸಿದಳು. ಯಜಮಾನರು ಒಮ್ಮೆ ಎಲ್ಲರ ಮುಖ ನೋಡಿದರು. ಪುಸ್ತಕವನ್ನು ಜೋಪಾನವಾಗಿ ಗೋಡೆಯ ಹಲಗೆಯ ಮೇಲೆ ಇಟ್ಟು, ಕೈ ತೊಳೆದುಕೊಂಡು, ಪಾತ್ರೆಯಿಂದ ಒಂದು ಮುದ್ದೆ ತೆಗೆದು ತಮ್ಮ ತಟ್ಟೆಗೆ ಹಾಕಿಕೊಂಡರು. ಇನ್ನೊಂದನ್ನು ಕೇಳದೆಯೇ ನನ್ನ ತಟ್ಟೆಗೆ ಹಾಕಿ, ಮೇಲೆ ಸಾರು ಬಿಟ್ಟರು.